ಅನಿತಕ್ಕನ ಬೈಕಿನ ಸೀಟು

ಜನವರಿ 7, ಬುಧವಾರ

ಅಬ್ಬಾನ ಕಣ್ಣಿನ ಆಪರೇಷನ್ ಆದ ಮೇಲೆ ಅಂಗಡಿ ನನ್ನ ಕೈಗೆ ಬಂದಿದೆ. ಈ ತಿಂಗಳು ಪೂರ್ತಿ ಅವರು ಬಗ್ಗುವಂತಿಲ್ಲ, ರೆಗ್ಜಿನ್ ಎಳೆಯುವಂತಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಕುರ್ಚಿ ಮೇಲೆ ಕೂತು ಹೋಗಿ ಬರುವವರನ್ನು ಮಾತಾಡಿಸುತ್ತಾರೆ. ಕೆಲಸದ ಬಗ್ಗೆ ನನಗೆ ಹೆದರಿಕೆ ಇಲ್ಲ. ಸ್ಪಂಜು ಕತ್ತರಿಸುವುದು, ಹೊಲಿಯುವುದು, ಬೈಕಿನ ಸೀಟಿಗೆ ಬಿಗಿದು ಪಿನ್ನು ಹೊಡೆಯುವುದು ಇದೆಲ್ಲ ಐದನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ಮಾಡುತ್ತಿದ್ದೇನೆ. ಹೆದರಿಕೆ ಗಿರಾಕಿಯದು. ಗಿರಾಕಿ ಬಂದು ನಿಂತರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ಇವತ್ತು ಒಂದು ಎತ್ತರದ ಬೈಕು ಬಂತು. ಡಾಂಬರ್ ರಸ್ತೆಗೂ ಹೊಲಕ್ಕೂ ಆಗುವಂಥದ್ದು. ಟೈರಿಗೆ ದೊಡ್ಡ ದೊಡ್ಡ ಹಲ್ಲು, ಮುಂದಿನ ಮಡ್‌ಗಾರ್ಡು ಚಕ್ರದಿಂದ ಗೇಣು ಮೇಲೆ. ಅದರ ಮೇಲೆ ಚೂಡಿದಾರದ ಒಬ್ಬ ಹೆಂಗಸು. ನಿಲ್ಲಿಸುವಾಗ ಇಡೀ ಬೈಕನ್ನು ಎಡಕ್ಕೆ ವಾಲಿಸಿ, ನಮ್ಮ ಅಂಗಡಿಯ ಮೆಟ್ಟಿಲಿಗೆ ಕಾಲಿನ ಹೆಬ್ಬೆರಳ ತುದಿ ಊರಿದರು. ನಲ್ಲೂರಿನ ಹಾಲೇಶಪ್ಪನವರ ಮಗಳು ಅನಿತಾ. ಜಗಳೂರಿನ ಕಡೆ ಮದುವೆ ಮಾಡಿಕೊಟ್ಟಿದ್ದಾರೆ. ಅಲ್ಲಿನ ಕುರಿಗಾರರ ಸಂಘದ ಪರವಾಗಿ ಕುರಿಗಳಿಗೆ ಸೂಜಿಮದ್ದು ಹಾಕುವ ಕೆಲಸ.

"ಏನ್ ಮೌಲಣ್ಣ, ಸಿನಿಮಾ ಹೀರೋ ಆಗ್ಬಿಟ್ಟಿದೀರಿ!"

"ವಿಲನ್ ಅನ್ನು ಮಗಳೇ. ಹೀರೋಗೆ ಇಷ್ಟು ಹೊಟ್ಟೆ ಇರಲ್ಲ," ಎಂದರು ಅಬ್ಬಾ.

"ಓಡ್ಸಾಕೆ ನಂಗೆ ಭಯ ಇಲ್ಲ ಮೌಲಣ್ಣ, ನಿಲ್ಸಾಕೆ ಭಯ. ಕಾಲು ನೆಲಕ್ಕೆ ಎಟುಕಲ್ಲ. ರೊಪ್ಪದ ಮುಂದೆ ಎರಡು ಸಲ ಬಿದ್ದೀನಿ. ಕುರಿ ಕಾಯೋರು ಇರ್ಲಿ, ಕುರಿಗಳೇ ನಕ್ವು."

ಬೈಕು ಸಂಘದ್ದು. ಕುರಿಗಳನ್ನು ಕೂಡುವ ರೊಪ್ಪಗಳು ಹೊಲಗಳ ಒಳಗೆ ಇರುವುದರಿಂದ ಇಂಥ ಗಾಡಿಯೇ ಬೇಕಂತೆ. ಈ ತಿಂಗಳು ಅದನ್ನು ಇವರಿಗೆ ಪರೀಕ್ಷೆಗೆ ಕೊಟ್ಟಿದ್ದಾರೆ. ಇಪ್ಪತ್ತೇಳಕ್ಕೆ ಲಸಿಕೆ ಶುರು. ಗಾಡಿ ಓಡಿಸಿ ಅವತ್ತಿನ ಪಾಲಿನ ಎಲ್ಲ ರೊಪ್ಪ ಮುಗಿಸಿದರೆ ಕೆಲಸ ಇವರದ್ದೇ. ಇಲ್ಲವಾದರೆ ಬೈಕು, ಕೆಲಸ ಎರಡೂ ಕೆಂಚೇಶ ಎನ್ನುವವನಿಗೆ.

"ಅವನಿಗೆ ಸೂಜಿ ಹಿಡಿಯಾಕೆ ಬರಲ್ಲ," ಎಂದರು. "ಆದ್ರೆ ಕಾಲು ಉದ್ದ ಅವೆ."

ಪಕ್ಕದ ಗ್ಯಾರೇಜಿನ ವಿನೋದ್ ಬಂದು ಸುತ್ತ ನೋಡಿದ. ಶಾಕಬ್ಸರ್ ಇಳಿಸಿದರೆ ಗಾಡಿಯ ಹೊಟ್ಟೆ ಕಲ್ಲಿಗೆ ಬಡಿಯುತ್ತದೆ, ಸೀಟನ್ನೇ ಇಳಿಸಬೇಕು ಎಂದ.

ಸೀಟು ಮಾಡುವಾಗ ಅಬ್ಬಾ ಗಿರಾಕಿಯನ್ನು ಅದರ ಮೇಲೆ ಕೂರಿಸುತ್ತಾರೆ. "ಎಲ್ಲಿ ಒತ್ತುತ್ತೆ ಯಜಮಾನ್ರೇ?" ಎಂದು ಕೇಳಿ ಅಲ್ಲಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಇವತ್ತು ನಾನು ಅದನ್ನು ಮಾಡಬೇಕಿತ್ತು. ಅನಿತಕ್ಕ ಕೂತರು. ನಾನು ಟೈರು ನೋಡಿದೆ.

"ಎಷ್ಟು ಇಳಿಸ್ತೀಯಪ್ಪ ತಮ್ಮಾ?" ಎಂದು ಕೇಳಿದರು.

"ಇಳಿಸ್ತೀನಿ," ಎಂದು ಟೈರಿಗೆ ಹೇಳಿದೆ.

ಸೀಮೆಸುಣ್ಣ ಜೇಬಿನಲ್ಲೇ ಉಳಿಯಿತು. ಅವರು ಗಾಡಿ ಬಿಟ್ಟು ನಲ್ಲೂರಿನ ಬಸ್ಸು ಹತ್ತಿದರು.

ಜನವರಿ 9, ಶುಕ್ರವಾರ

ಸೀಟಿನ ಹೊದಿಕೆ ಬಿಚ್ಚಿ ಸ್ಪಂಜು ಇಳಿಸಿದೆ. ಕಾಲು ನೆಟ್ಟಗೆ ಕೆಳಗೆ ಬರಲಿ ಎಂದು ಮುಂಭಾಗವನ್ನು ಸಣ್ಣ ಮಾಡಿದೆ. ಕೂರುವ ಜಾಗದಲ್ಲಿ ಒಂದು ತಗ್ಗು ತೆಗೆದೆ. ಅಳತೆಗೆ ಯಾರೂ ಇರಲಿಲ್ಲವಾದ್ದರಿಂದ ನಾನೇ ಕೂತು, ಎದ್ದು, ಮತ್ತೆ ಕೆತ್ತಿ, ಮತ್ತೆ ಕೂತೆ.

ಜುಮ್ಮಾ ನಮಾಜು ಮುಗಿಸಿ ಗಾಡಿ ತೆಗೆದುಕೊಂಡು ಹೊನ್ನಾಳಿಯವರೆಗೆ ಹೋದೆ. ಸೀಟು ಪರೀಕ್ಷೆ ಮಾಡದೆ ಕೊಡಬಾರದು ಎನ್ನುವುದು ಅಬ್ಬಾನ ನಿಯಮ. ಎಂಥ ಗಾಡಿ! ರಸ್ತೆಯಲ್ಲಿ ಲಾರಿಗಳ ತಲೆಯ ಮೇಲಿಂದ ಮುಂದಿನದು ಕಾಣುವಷ್ಟು ಎತ್ತರ ಕೂತ ಹಾಗೆ ಅನ್ನಿಸುತ್ತದೆ. ಹೊಳೆಯ ಪಕ್ಕ ಮರಳು ಮಿಶ್ರಿತ ದಾರಿಗೆ ಇಳಿಸಿದೆ. ಹಿಂದಿನ ಚಕ್ರ ಸ್ವಲ್ಪ ಜಾರಿ, ತಾನೇ ಸರಿಯಾಗಿ, ಮುಂದಕ್ಕೆ ಎಳೆಯಿತು. ಹೆಲ್ಮೆಟ್ ಹಾಕಿಕೊಂಡರೆ ನನ್ನ ಮುಖ ಯಾರಿಗೂ ಕಾಣುವುದಿಲ್ಲ. ಬೈಕು ಓಡಿಸುವುದು ನನಗೆ ಇಷ್ಟವಾಗುವುದು ಅದಕ್ಕೇ ಇರಬೇಕು.

ಜನವರಿ 10, ಶನಿವಾರ

ಇವತ್ತು ನ್ಯಾಮತಿಯ ಕಡೆ. ಊರು ದಾಟಿ, ಬೇಕೆಂದೇ ಕೆಟ್ಟ ದಾರಿ ಹುಡುಕಿದೆ. ಗಾಲಿಯ ಜಾಡು, ಉರುಟು ಕಲ್ಲು, ಒಣಗಿದ ಹಳ್ಳ. ಕಲ್ಲು ಬಂದಾಗ ಕಾಲೂರುವ ಕಡ್ಡಿಯ ಮೇಲೆ ನಿಂತುಕೊಳ್ಳಬೇಕು, ದಾಟಿದ ಮೇಲೆ ಕೂರಬೇಕು. ಪ್ರತಿ ಸಲ ಕೂತಾಗಲೂ ಸೀಟಿನ ತಗ್ಗು ನನಗಾಗಿ ಕಾಯುತ್ತಿದ್ದ ಹಾಗೆ ಬಂದು ಹಿಡಿದುಕೊಳ್ಳುತ್ತಿತ್ತು. ಸಂಜೆಯವರೆಗೆ ಸುತ್ತಿದರೂ ಎಲ್ಲೂ ನೋಯಲಿಲ್ಲ.

ಚಹಾ ಅಂಗಡಿಯಲ್ಲಿ ಒಬ್ಬರು, "ಯಾರಪ್ಪಾ ಈ ಸೀಟು ಮಾಡ್ದೋರು? ಚೆಂದೈತೆ," ಎಂದರು. ನಾನು ಗೊತ್ತಿಲ್ಲ ಎಂದುಬಿಟ್ಟೆ. ಗೊತ್ತಿದೆ ಎಂದರೆ ಇನ್ನೂ ನಾಲ್ಕು ಮಾತು ಆಡಬೇಕಾಗುತ್ತಿತ್ತು.

ಸೀಟು ಪಾಸಾಯಿತು ಎಂದು ಅಬ್ಬಾಗೆ ಹೇಳಿದೆ.

"ಪಾಸು ಮಾಡಿದ್ದು ಯಾರು?"

"ನಾನೇ."

ಅಬ್ಬಾ ಕನ್ನಡಕ ಸರಿ ಮಾಡಿಕೊಂಡರು.

ಜನವರಿ 13, ಮಂಗಳವಾರ

ಅನಿತಕ್ಕ ಗಾಡಿ ತೆಗೆದುಕೊಂಡು ಹೋಗಲು ಬಂದರು. ಹಬ್ಬಕ್ಕೆ ಜಗಳೂರಿನಲ್ಲಿ ಇರಬೇಕಂತೆ. ಹತ್ತಿ ಕೂತರು. ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗಿತು. ವಿನೋದ್ ಚಪ್ಪಾಳೆ ತಟ್ಟಿದ. ಅವನ ಗ್ಯಾರೇಜಿಗೆ ಬಂದಿದ್ದ ಇಬ್ಬರು ಮೂವರು ಗಂಡಸರೂ ನಿಂತು ನೋಡುತ್ತಿದ್ದರು.

"ಕೇಳು," ಎಂದು ಅಬ್ಬಾ ನನಗೆ ಮೆಲ್ಲಗೆ ಹೇಳಿದರು.

"ಸರಿ ಐತಾ ಅಕ್ಕ?"

ಅನಿತಕ್ಕ ಒಂದು ಸಲ ಎಡಕ್ಕೆ ಸರಿದರು. ಒಂದು ಸಲ ಹಿಂದಕ್ಕೆ ಸರಿದರು. ನಿಂತಿದ್ದ ಗಂಡಸರ ಕಡೆ ನೋಡಿದರು.

"ಚೆನ್ನಾಗೈತೆ," ಎಂದು ಹೊರಟುಹೋದರು.

ಅವರು ಸರಿದದ್ದನ್ನು ನಾನು ನೋಡಿದೆ. ನೋಡಿದ ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸಿದೆ. ಹಾಗೆ ನೋಡುತ್ತಾ ನಿಲ್ಲುವುದು ಮರ್ಯಾದೆಯಲ್ಲ.

ಜನವರಿ 17, ಶನಿವಾರ

ಈ ದಿನವನ್ನು ಬರೆಯಲು ಕೈ ಬರುತ್ತಿಲ್ಲ.

ಬೆಳಿಗ್ಗೆ ಅಬ್ಬಾನ ಫೋನು ಬಡಿಯಿತು. ಅಕ್ಷರ ಕಾಣದ್ದರಿಂದ ಅವರು ಎಲ್ಲವನ್ನೂ ಸ್ಪೀಕರಿಗೆ ಹಾಕುತ್ತಾರೆ. ಹಾಗಾಗಿ ಅಂಗಡಿಯಲ್ಲಿದ್ದವರೆಲ್ಲ ಕೇಳಿದರು, ವಿನೋದನೂ ಕೇಳಿದ.

"ಮೌಲಾಸಾಬ್ರಾ? ನಾನು ಸಿದ್ದಲಿಂಗೇಶ, ಜಗಳೂರಿಂದ. ಕುರಿಗಾರರ ಸಂಘದ ಸೆಕ್ರೆಟರಿ. ಎಂಥಾ ಸೀಟು ಮಾಡಿ ಕೊಟ್ಟೀರಿ ಮಾರಾಯ್ರೇ? ಆಯಮ್ಮ ಅದ್ರ ಮೇಲೆ ಕೂರಾಕಾಗ್ದೆ, ನಿಂತ್ಕಂಡೇ ಓಡ್ಸಾಕೆ ಹೋಗಿ, ಕಲ್ಲಿನ ಮೇಲೆ ಬಿದ್ದೈತೆ. ಮೊಣಕಾಲು ಕಿತ್ತೋಗೈತೆ."

"ನಮ್ಮ ತಪ್ಪಿದ್ರೆ ಸರಿ ಮಾಡಿ ಕೊಡ್ತೀವಿ ರೀ," ಎಂದರು ಅಬ್ಬಾ.

"ನಿಮ್ ತಪ್ಪಲ್ಲ ಬಿಡ್ರಿ. ಹೆಣ್ಮಕ್ಕಳಿಗೆ ಆಗೋ ಗಾಡಿ ಅಲ್ಲ ಅದು ಅಂತ ನಾನು ಮೊದ್ಲೇ ಅಂದಿದ್ದೆ. ಇಪ್ಪತ್ತೇಳಕ್ಕೆ ಎಲ್ಲಾ ಗೊತ್ತಾಗತ್ತೆ. ಕೆಂಚೇಶ ರೆಡಿ ಇದಾನೆ."

ಬೈದಿದ್ದರೆ ಚೆನ್ನಾಗಿತ್ತು. ನನ್ನ ತಪ್ಪನ್ನು ಎತ್ತಿ ಆ ಹೆಂಗಸಿನ ತಲೆಯ ಮೇಲಿಟ್ಟರು. ಫೋನಿನ ಹತ್ತಿರ ಹೋಗಿ, ಇಲ್ಲ ರೀ, ಸೀಟು ಕೆಟ್ಟದ್ದು, ಮಾಡಿದವನು ನಾನು ಎಂದು ಹೇಳಬಹುದಿತ್ತು. ಎರಡು ಹೆಜ್ಜೆ ದೂರ. ನಾನು ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದೆ. ದಾರ ಆಗಲೇ ಪೋಣಿಸಿಯೇ ಇತ್ತು.

ಜನವರಿ 18, ಭಾನುವಾರ

ಅಂಗಡಿ ತೆಗೆಯಲಿಲ್ಲ. ಊಟ ಸೇರಲಿಲ್ಲ.

ಅಮ್ಮಿ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲವಲ್ಲ ಎಂದಳು.

ಜನವರಿ 20, ಮಂಗಳವಾರ

ಲಗೇಜ್ ಆಟೋದಲ್ಲಿ ಗಾಡಿ ಬಂತು. ಜೊತೆಗೆ ಅನಿತಕ್ಕ, ಕುಂಟುತ್ತಾ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬಂದವರೇ ಗೋಡೆ ಹಿಡಿದು ನಿಂತರು. ಕುರ್ಚಿ ಕೊಟ್ಟೆ. "ಬ್ಯಾಡಪ್ಪ, ನಿಂತಿರ್ತೀನಿ," ಎಂದರು. ಆಗ ನನಗೆ ಅರ್ಥವಾಯಿತು, ಕೂರಲು ಆಗುತ್ತಿಲ್ಲ.

ಅಬ್ಬಾ ಸೀಟಿನ ಮೇಲೆ ಬೆರಳಾಡಿಸಿ ನೋಡಿದರು. ಕಣ್ಣು ಮಬ್ಬಾದರೂ ಬೆರಳು ಮಬ್ಬಾಗಿಲ್ಲ.

"ಈ ತಗ್ಗು ಯಾರ ಅಳತೆ?"

"ನಂದು."

"ಗಾಡಿ ಓಡ್ಸೋರು ಯಾರು?"

ನಾನು ಅಮ್ಮಿಯನ್ನು ಕರೆದೆ.

ನಮ್ಮ ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ನಾನು ಅಮ್ಮಿಗೆ ಎಲ್ಲಿ ನೋವು ಎಂದು ಕೇಳಿ ಬರಲು ಹೇಳಿದೆ. ಅಮ್ಮಿ ಅನಿತಕ್ಕನನ್ನು ಒಳಗೆ ಕರೆದುಕೊಂಡು ಹೋದಳು. ಬಹಳ ಹೊತ್ತು ಗುಸುಗುಸು. ಆಮೇಲೆ ಅಮ್ಮಿ ಪರದೆಯ ಹೊರಗೆ ತಲೆ ಹಾಕಿದಳು.

"ಹಿಂದೆ ನೋವಂತೆ."

"ಹಿಂದೆ ಅಂದ್ರೆ?"

"ಹಿಂದೆ ಅಂದ್ರೆ ಹಿಂದೆ."

"ಎಡಗಡೆನಾ, ಬಲಗಡೆನಾ? ಒಳಗಡೆನಾ, ಅಂಚಿನಲ್ಲಾ?"

"ನಾಚಿಕೆ ಆಗಲ್ವಾ ನಿನಗೆ? ಅದೆಲ್ಲಾ ನಿನಗ್ಯಾಕೆ?"

"ಅವನಿಗಲ್ದೆ ಇನ್ಯಾರಿಗೆ ಖೈರೂ, ತಹಸೀಲ್ದಾರ್‌ಗಾ?" ಎಂದರು ಬಾಗಿಲಿನಿಂದ ಅಬ್ಬಾ.

ಅಮ್ಮಿ ಮತ್ತೆ ಒಳಗೆ ಹೋದಳು. ಈ ಸಲ ಬಂದು, ಸ್ವಲ್ಪ ಮೆತ್ತಗೆ ಮಾಡಬೇಕಂತೆ ಎಂದಳು. ಅವರು ಹೇಳಿದ್ದು ಖಂಡಿತ ಅಷ್ಟೇ ಆಗಿರಲಿಲ್ಲ. ಹೇಳಿದ್ದನ್ನೆಲ್ಲ ಮಗನ ಮುಂದೆ ಆಡಲು ಆಗದೆ ಅಮ್ಮಿ ದಾರಿಯಲ್ಲೇ ಬಿಟ್ಟು ಬಂದಿದ್ದಳು.

ಪರದೆ ಸರಿಸಿ ಅನಿತಕ್ಕನೇ ಹೊರಗೆ ಬಂದರು.

"ಸಾಕು ಖೈರಮ್ಮ. ಹಿಂಗಾದ್ರೆ ಇಪ್ಪತ್ತೇಳಲ್ಲ, ಯುಗಾದಿ ಬಂದ್ರೂ ಮುಗಿಯಲ್ಲ." ನನ್ನ ಕಡೆ ತಿರುಗಿದರು. "ವಸೀಮಾ, ಅವತ್ತು ಕೂತಾಗ್ಲೇ ನಂಗೆ ಗೊತ್ತಾಗಿತ್ತು, ಒತ್ತತೈತೆ ಅಂತ. ನಾಲ್ಕು ಗಂಡಸ್ರು ಬಾಯಿ ಬಿಟ್ಕಂಡು ನೋಡ್ತಾ ನಿಂತಿದ್ರು. ಹೆಂಗೆ ಹೇಳ್ಲಿ? ಚೆನ್ನಾಗೈತೆ ಅಂದ್ಬಿಟ್ಟೆ. ಚೆನ್ನಾಗೈತೆ ಅಂದಿದ್ದಕ್ಕೆ ಜಗಳೂರಿನವರೆಗೂ ಅಳ್ತಾ ಹೋದೆ."

ಸೀಟಿನ ಹತ್ತಿರ ಬಂದು ಅದರ ಮೇಲೆ ಕೈ ಇಟ್ಟರು.

"ಕುರಿಗೆ ಬಾಯಿ ಇಲ್ಲ, ಮುಟ್ಟಿ ನೋಡಿ ಮದ್ದು ಕೊಡ್ತೀನಿ. ನಂಗೆ ಬಾಯಿ ಐತೆ. ನೀನು ಕೇಳು, ನಾನು ಹೇಳ್ತೀನಿ."

ಕೇಳಬೇಕಿತ್ತು. ಜೇಬಿನ ಸೀಮೆಸುಣ್ಣ ಮುಟ್ಟಿ ನೋಡಿಕೊಂಡೆ. "ನಾಳೆ ಬರ್ರಿ ಅಕ್ಕ," ಎಂದೆ. ಕುಂಟುವ ಹೆಂಗಸನ್ನು ಮತ್ತೆ ನಲ್ಲೂರಿನ ಬಸ್ಸು ಹತ್ತಿಸಿದೆ.

ನಾಚಿಕೆ ಮರ್ಯಾದೆಯ ಲಕ್ಷಣ ಎಂದು ಎಲ್ಲರೂ ನನ್ನನ್ನು ಹೊಗಳುತ್ತಾರೆ. ಆ ಮರ್ಯಾದೆಯಿಂದ ಒಬ್ಬರ ಚರ್ಮ ಕಿತ್ತುಹೋಗಿದೆ.

ಜನವರಿ 21, ಬುಧವಾರ

ಉಪಾಯ ಅನಿತಕ್ಕನದೇ. ಕುರಿ ಕುಂಟಿದರೆ ಅದನ್ನು ಕೆಸರಿನಲ್ಲಿ ನಡೆಸುತ್ತಾರಂತೆ. ಯಾವ ಗೊರಸು ಆಳಕ್ಕೆ ಇಳಿಯುವುದಿಲ್ಲವೋ ಆ ಕಾಲಿನಲ್ಲಿ ನೋವು.

"ನನ್ನೂ ಹಂಗೇ ನೋಡು," ಎಂದರು.

ಇಟ್ಟಿಗೆ ಗೂಡಿನಿಂದ ಜೇಡಿಮಣ್ಣು ತಂದೆ. ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಸೀಟಿನ ಮೇಲೆ ದಪ್ಪಗೆ ಹರಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಅನಿತಕ್ಕ ಹಲ್ಲು ಕಚ್ಚಿಕೊಂಡು ಕೂತು, ಹ್ಯಾಂಡಲ್ ಹಿಡಿದು, ಎದ್ದರು.

ಅಚ್ಚು ಬಿತ್ತು.

ಬೀದಿಗೆ ತೆರೆದ ಅಂಗಡಿ, ಮಧ್ಯಾಹ್ನದ ಬಿಸಿಲು, ಸೀಟಿನ ಮೇಲೆ ಆ ಅಚ್ಚು. ನನ್ನ ಕಿವಿ ಸುಡುತ್ತಿತ್ತು. ಒಂದು ಗೋಣಿಚೀಲ ಮುಚ್ಚಿಬಿಡೋಣ ಎಂದುಕೊಂಡು ಎತ್ತಿಕೊಂಡೂ ಬಂದೆ. ಮುಚ್ಚಿದರೆ ನೋಡುವುದು ಹೇಗೆ? ಕೆಳಗಿಟ್ಟೆ. ನೋಡಿದೆ.

ಎರಡು ಗುಳಿ. ನಾನು ಕೆತ್ತಿದ ತಗ್ಗಿಗಿಂತ ಅಗಲದಲ್ಲಿ, ಎರಡೂ ಅಂಚಿನ ಹತ್ತಿರ. ಅಂದರೆ ಇಷ್ಟು ದಿನ ಆ ಹೆಂಗಸಿನ ಭಾರವೆಲ್ಲ ಸ್ಪಂಜಿನ ಮೇಲೆ ಇರಲೇ ಇಲ್ಲ. ಅಂಚಿನ ಹೊಲಿಗೆಯ ಗಂಟಿನ ಮೇಲೆ ಇತ್ತು. ಆ ಗಂಟನ್ನು ನಾನು ಬಿಗಿಯಾಗಿ ಹಾಕಿದ್ದೆ. ಗಟ್ಟಿಮುಟ್ಟಾಗಿರಲಿ ಎಂದು ಎರಡು ಸಲ ಹಾಕಿದ್ದೆ.

ಅಷ್ಟರಲ್ಲಿ ವಿನೋದ್ ಬಂದು ಇಣುಕಿದ.

"ಓಹೋ, ಏನಲೇ ಇದು ವಸೀಮ, ಎಕ್ಸಿಬಿಷನ್ನಾ?"

"ಹೂಂ. ಬಾ, ನಿಂದೂ ಹಾಕು," ಎಂದೆ. "ಪಕ್ಕದಲ್ಲೇ ಇಡ್ತೀನಿ. ಬೋರ್ಡ್ ಬರೀತೀನಿ, ವಿನೋದಂದು ಅಂತ."

ಅಬ್ಬಾ ಬಾಗಿಲಲ್ಲಿ ಕೂತು ಕೆಮ್ಮು ಬರುವಷ್ಟು ನಕ್ಕರು. ವಿನೋದ್ ಪಾನಾ ಹುಡುಕಲು ಹೋದ. ನನಗೆ ಅವನ ಜೊತೆ ಮಾತಾಡುವಷ್ಟು ಹೊತ್ತು ಇರಲಿಲ್ಲ. ಬಲಗಡೆಯ ಗುಳಿಗಿಂತ ಎಡಗಡೆಯದು ಆಳವಾಗಿತ್ತು. ಅದು ಯಾಕೆ ಎಂದು ತಲೆ ಕೆಡಿಸಿಕೊಂಡಿದ್ದೆ.

ಅನಿತಕ್ಕನನ್ನೇ ಕೇಳಿದೆ. ಅವರೂ ಯೋಚಿಸಿದರು. "ಲಸಿಕೆ ಡಬ್ಬ," ಎಂದರು. ಐಸು ತುಂಬಿದ ಡಬ್ಬವನ್ನು ದಿನವೆಲ್ಲ ಎಡ ಹೆಗಲಿಗೆ ಹಾಕುತ್ತಾರಂತೆ. ಡಬ್ಬ ಇಲ್ಲದಾಗಲೂ ಮೈ ಆ ಕಡೆಯೇ ವಾಲುತ್ತದೆ.

ಜನವರಿ 23, ಶುಕ್ರವಾರ

ಹೊಸ ಸ್ಪಂಜು ಅಂಟಿಸಿದೆ. ಹಿಂಭಾಗ ಅಗಲ ಮಾಡಿದೆ. ಅಂಚಿನ ಹೊಲಿಗೆಯನ್ನು ಪೂರ್ತಿ ಕೆಳಕ್ಕೆ ಇಳಿಸಿದೆ. ಎಡಕ್ಕೆ ಗಟ್ಟಿ ಸ್ಪಂಜು, ಬಲಕ್ಕೆ ಮೆತ್ತಗಿನದು. ನಾನು ಕೂತು ನೋಡಿದೆ. ನನಗೆ ಸ್ವಲ್ಪವೂ ಹಿತವಾಗಲಿಲ್ಲ. ಬಲಕ್ಕೆ ಜಾರಿದ ಹಾಗೆ ಆಗುತ್ತಿತ್ತು. ಹಾಗೆಯೇ ಬಿಟ್ಟೆ.

ಜನವರಿ 25, ಭಾನುವಾರ

ಅನಿತಕ್ಕ ಡಬ್ಬ ಹೆಗಲಿಗೆ ಹಾಕಿಕೊಂಡೇ ಬಂದರು. ಐಸಿನ ಬದಲು ಮರಳು ತುಂಬಿದ್ದರು. ಹದಿಮೂರನೇ ತಾರೀಖು ನೋಡುತ್ತಾ ನಿಂತಿದ್ದ ಗಂಡಸರಲ್ಲಿ ಇಬ್ಬರು ಇವತ್ತೂ ಗ್ಯಾರೇಜಿನ ಮುಂದೆ ಇದ್ದರು. ಅನಿತಕ್ಕ ಅವರನ್ನು ನೋಡಿದರು, ನನ್ನನ್ನು ನೋಡಿದರು. ನಾನು ಜೇಬಿನಿಂದ ಸೀಮೆಸುಣ್ಣ ತೆಗೆದೆ.

"ಎಲ್ಲಿ ಒತ್ತತೈತೆ ಅಕ್ಕ?" ಎಂದೆ. ದನಿ ಎಷ್ಟು ಸಣ್ಣಗೆ ಬಂತೆಂದರೆ ಅವರು "ಆಂ?" ಎಂದರು. ಎರಡನೇ ಸಲ ಕೇಳಬೇಕಾಯಿತು. ಎರಡನೇ ಸಲ ಗಟ್ಟಿಯಾಗಿಯೇ ಬಂದುಬಿಟ್ಟಿತು. ಗ್ಯಾರೇಜಿನಲ್ಲಿ ಪಾನಾದ ಸದ್ದು ನಿಂತಿತು.

"ಬಲತೊಡೆ ಒಳಗಡೆ," ಎಂದರು ಅಷ್ಟೇ ಗಟ್ಟಿಯಾಗಿ. "ಹಿಂದ್ಗಡೆ ಈಗ ಪರವಾಗಿಲ್ಲ."

ಸೀಮೆಸುಣ್ಣದಿಂದ ಗುರುತು ಹಾಕಿದೆ. ಬಿಚ್ಚಿದೆ, ಕೆತ್ತಿದೆ, ಬಿಗಿದೆ. ಬಸ್ ಸ್ಟ್ಯಾಂಡ್ ಸುತ್ತಿ ಬಂದರು. ಮತ್ತೆ ಒಂದು ಕಡೆ ಹೇಳಿದರು. ಮತ್ತೆ ಬಿಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಆ ಇಬ್ಬರು ಗಂಡಸರು ಬೇಸತ್ತು ಎದ್ದು ಹೋದರು.

ಹೊರಡುವಾಗ ಅನಿತಕ್ಕ ಚೆನ್ನಾಗಿದೆ ಎನ್ನಲಿಲ್ಲ.

"ಡಾಂಬರ್ ರಸ್ತೆಗೆ ಆಯ್ತು. ಹೊಲದ ಕಥೆ ಹೊಲದಾಗೇ ಗೊತ್ತಾಗೋದು. ಮಂಗಳವಾರ ಮೊದಲ್ನೇ ಬಸ್ಸಿಗೆ ಜಗಳೂರಿಗೆ ಬಾ. ಬ್ಲೇಡು, ಸ್ಪಂಜು ತಗಂಡು ಬಾ."

ಬರುತ್ತೇನೆ ಎಂದುಬಿಟ್ಟೆ. ಗುರುತಿಲ್ಲದ ಊರು, ಗುರುತಿಲ್ಲದ ಜನ.

ಜನವರಿ 28, ಬುಧವಾರ

ನಿನ್ನೆ ಮನೆ ಸೇರಿದ ಕೂಡಲೇ ಮಲಗಿಬಿಟ್ಟೆ. ಇವತ್ತು ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದಾಗ ಸಂಘದ ಆಫೀಸಿನ ಮುಂದೆ ಜನ ಸೇರಿದ್ದರು. ಸಿದ್ದಲಿಂಗೇಶ್ ಅವರು ಬಿಳಿ ಅಂಗಿಯಲ್ಲಿ ನಿಂತಿದ್ದರು. ಪಕ್ಕದಲ್ಲಿ ಒಬ್ಬ ಉದ್ದನೆಯ ಆಳು. ನೋಡಿದ ಕೂಡಲೇ ಕೆಂಚೇಶ ಎಂದು ಗೊತ್ತಾಯಿತು. ನಿಜಕ್ಕೂ ಕಾಲು ಬಹಳ ಉದ್ದ. ಲಸಿಕೆ ಆಗುವವರೆಗೆ ಕುರಿ ಬಿಡಬೇಡಿ ಎಂದು ರೊಪ್ಪಗಳಿಗೆಲ್ಲ ಹೇಳಿ ಕಳಿಸಿದ್ದರು. ತಡವಾದರೆ ಹಸಿದ ಕುರಿಗಳನ್ನು ಅವರು ಮೇಯಲು ಬಿಟ್ಟೇ ಬಿಡುತ್ತಾರೆ, ಅಲ್ಲಿಗೆ ಅನಿತಕ್ಕನ ಕೆಲಸ ಹೋಯಿತು.

"ಹಿಂದೆ ಕೂತ್ಕೋ," ಎಂದರು ಅನಿತಕ್ಕ ನನಗೆ. "ನಾನು ಹೇಳ್ತಾ ಹೋಗ್ತೀನಿ, ನೀನು ನೋಡ್ತಾ ಬಾ."

ಹೆಂಗಸಿನ ಹಿಂದೆ ಕೂತು ಜಗಳೂರಿನ ಪೇಟೆಯಲ್ಲಿ ಹೋದೆ. ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಲಸಿಕೆ ಡಬ್ಬ ಮೊಣಕಾಲಿಗೆ ಬಡಿಯುತ್ತಿತ್ತು. ಹಿಡಿದುಕೊಳ್ಳಲು ಹೋದರೆ, "ಬಿಡು, ನೀನು ಹಿಡಿದ್ರೆ ಭಾರ ಗೊತ್ತಾಗಲ್ಲ," ಎಂದರು. ನನ್ನ ಹತ್ತಿರ ಹೆಲ್ಮೆಟ್ ಇರಲಿಲ್ಲ. ಕೆಂಚೇಶ ಹಿಂದಿನಿಂದ ಕೂಗಿದ.

"ಗಟ್ಟಿ ಹಿಡ್ಕಳೋ ಸಾಬಣ್ಣ, ನಿನ್ ಸೆರಗು ಹಾರಿ ಹೋದಾತು!"

ಎಲ್ಲರೂ ನಕ್ಕರು. ತಲೆ ತಗ್ಗಿಸಿದೆ. ತಗ್ಗಿಸಿದಾಗ ಸೀಟು ಕಂಡಿತು. ಎಡಗಡೆ ಹೊಲಿಗೆಯ ಹತ್ತಿರ ರೆಗ್ಜಿನ್ ನೆರಿಗೆ ಕಟ್ಟುತ್ತಿತ್ತು. ಊರು ದಾಟಿ ಮೆಕ್ಕೆಜೋಳ ಕೊಯ್ದ ಕೂಳೆಯ ಹೊಲಕ್ಕೆ ಇಳಿದ ಮೇಲೆ ಆ ನೆರಿಗೆ ಇನ್ನೂ ದಪ್ಪವಾಯಿತು.

"ಎಡಗಡೆ ಒತ್ತತೈತಾ ಅಕ್ಕಾ?" ಎಂದು ಎಂಜಿನ್ನಿನ ಸದ್ದಿನ ಮೇಲೆ ಕೂಗಿದೆ.

"ಒತ್ತತೈತೆ!"

"ತೊಡೆಗಾ, ಕುಂಡಿಗಾ?"

"ಕುಂಡಿಗೆ!"

ಅದೇ ಹೊತ್ತಿಗೆ ಮೊದಲನೇ ರೊಪ್ಪದ ಮುಂದೆ ಬಂದಿದ್ದೆವು. ಬೇಲಿಯ ಹತ್ತಿರ ಕುರಿಗಾರರು ಕಂಬಳಿ ಹೊದ್ದು ನಿಂತಿದ್ದರು. ಒಬ್ಬ ಮುದುಕ ಬಾಯಲ್ಲಿದ್ದ ಎಲೆಯಡಿಕೆ ಉಗಿದು ನಕ್ಕ. ಅನಿತಕ್ಕ ಇಳಿದು ಸೂಜಿ ತೆಗೆದು ಒಳಗೆ ಹೋದರು. ನಾನು ಅಲ್ಲೇ ಮಣ್ಣಲ್ಲಿ ಕೂತು ಪಿನ್ನು ಕಿತ್ತು, ನೆರಿಗೆ ಬಿಡಿಸಿ, ಸ್ಪಂಜಿನ ಒಂದು ತೆಳು ಪದರ ಹೆರೆದು, ಮತ್ತೆ ಎಳೆದು ಬಿಗಿದೆ. ಅವರು ಕುರಿಗಳನ್ನು ಮುಗಿಸಿ ಬರುವಷ್ಟರಲ್ಲಿ ನನ್ನದೂ ಮುಗಿದಿತ್ತು.

ಎರಡನೇ ರೊಪ್ಪಕ್ಕೆ ಹೋಗುವ ದಾರಿ ಕೆಟ್ಟದ್ದು. ಕಲ್ಲಿನ ಬದು, ಆಮೇಲೆ ಒಂದು ಕೊರಕಲು. ಅನಿತಕ್ಕ ಕಡ್ಡಿಯ ಮೇಲೆ ಎದ್ದು ನಿಂತು ಬದು ದಾಟಿಸಿ, ಕೂತು, ಕೊರಕಲಿಗೆ ಇಳಿಸಿದರು. ಮೇಲೆ ಹತ್ತುವಾಗ ಯಾರೋ ಬೇಗ ಬಿಟ್ಟ ಒಂದು ಮಂದೆ ಎದುರಿಗೇ ನುಗ್ಗಿ ಬಂತು. ಕುರಿಗಳೋ ಕುರಿಗಳು, ಧೂಳು. ಏರಿನ ಮೇಲೆ, ನಡುದಾರಿಯಲ್ಲಿ ಬ್ರೇ‌ಕು ಹಾಕಿದರು. ಬಿದ್ದೆವು ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

ಬೀಳಲಿಲ್ಲ. ಕಣ್ಣು ತೆರೆದು ಕೆಳಗೆ ನೋಡಿದೆ. ಅವರ ಎರಡೂ ಪಾದಗಳು ಮಣ್ಣಿನ ಮೇಲೆ ಊರಿದ್ದವು. ಕುರಿಗಳು ಎರಡೂ ಕಡೆಯಿಂದ ಕಾಲಿಗೆ ಉಜ್ಜಿಕೊಂಡು ಹೋಗುತ್ತಿದ್ದವು. ಅನಿತಕ್ಕ ಅಲ್ಲಾಡಲಿಲ್ಲ. "ಏಯ್ ಬೊಮ್ಮಕ್ಕಾ, ಆಗ್ಲೇ ಬಿಟ್ಬಿಟ್ಯಾ? ತಿರುಗ್ಸು ತಿರುಗ್ಸು, ಬಂದೀನಿ!" ಎಂದು ಮಂದೆಯ ಹಿಂದಿದ್ದ ಹೆಂಗಸಿಗೆ ಕೂಗಿದರು.

ಆಮೇಲೆ ಕತ್ತು ತಿರುಗಿಸಿ ನನಗೆ ಹೇಳಿದರು:

"ಇಳಿ."

"ಆಂ?"

"ಇಳಿಯಪ್ಪಾ. ಇಬ್ರಾದ್ರೆ ತಡ ಆಗತ್ತೆ. ಡಬ್ಬದಾಗೆ ಐಸು ಕರಗ್ತಾ ಐತೆ."

ಇಳಿದೆ. ಅವರು ಹಿಂದೆ ನೋಡದೆ ಹೋದರು. ಕೂಳೆ ಹೊಲದ ನಡುವೆ ನಾನು, ಬ್ಲೇಡು, ಸ್ಪಂಜಿನ ಚೀಲ. ಊರು ಎಲ್ಲೋ ದೂರದಲ್ಲಿ ಕಾಣುತ್ತಿತ್ತು. ನಡೆದೆ. ನಡೆಯುತ್ತಾ ಕಿವಿ ಹಿಂದಕ್ಕೇ ಇಟ್ಟಿದ್ದೆ. ಗಾಡಿಯ ಸದ್ದು ಒಂದು ಕಡೆ ನಿಲ್ಲುತ್ತಿತ್ತು. ಆಮೇಲೆ ಶುರುವಾಗಿ ಇನ್ನೊಂದು ಕಡೆ ಹೋಗಿ ನಿಲ್ಲುತ್ತಿತ್ತು. ಪ್ರತಿ ಸಲ ನಿಂತಾಗಲೂ ನಾನು ಉಸಿರು ಹಿಡಿಯುತ್ತಿದ್ದೆ. ಮತ್ತೆ ಶುರುವಾದಾಗ ಬಿಡುತ್ತಿದ್ದೆ.

ಸಂಘದ ಆಫೀಸಿನ ಮುಂದೆ ಹಾದೇ ಬಸ್ ಸ್ಟ್ಯಾಂಡಿಗೆ ಹೋಗಬೇಕಿತ್ತು. ಸಿದ್ದಲಿಂಗೇಶ್ ಅವರು ನೋಡಿ, "ಏನಪ್ಪ, ಕೆಡವಿ ಹೋದ್ಲಾ?" ಎಂದರು.

"ಇಲ್ಲ ರೀ. ಇಳ್ಸಿ ಹೋದ್ರು. ಮೊದ್ಲು ಬಿದ್ದಿದ್ದು ಅವ್ರ ತಪ್ಪಲ್ಲ. ಸೀಟು ಕೆಟ್ಟದಿತ್ತು, ಮಾಡ್ದೋನು ನಾನು," ಎಂದೆ. ಇದನ್ನು ಹತ್ತು ದಿನ ಮೊದಲೇ ಹೇಳಬೇಕಿತ್ತು. ಹೇಳಿದ ಮೇಲೂ ನಾಚಿಕೆ ಕಡಿಮೆಯಾಗಲಿಲ್ಲ. ಅವರು ಏನೋ ಕೇಳಲು ಬಾಯಿ ತೆರೆದರು, ನನ್ನ ಬಸ್ಸು ಹೊರಟಿತ್ತು, ಓಡಿದೆ.

ಬಸ್ಸು ಅರ್ಧ ದಾರಿ ಹೋದ ಮೇಲೆ ಅನಿತಕ್ಕನ ಫೋನು ಬಂತು. ಅವತ್ತಿನ ಎಲ್ಲ ರೊಪ್ಪಗಳೂ ಮುಗಿದಿದ್ದವು. ಕೀಲಿಯನ್ನು ಆಫೀಸಿಗೆ ಕೊಡಲು ಹೋದರೆ, ಇಟ್ಕೊಳಮ್ಮ, ನಾಳೆ ಬೇಕಲ್ಲ ಎಂದು ಸಿದ್ದಲಿಂಗೇಶ್ ಅವರೇ ಎಂದರಂತೆ.

"ಬಲಗಡೆ ಇನ್ನೂ ಒಂಚೂರು ಐತೆ," ಎಂದರು. "ಮುಂದಿನ ತಿಂಗಳು ಬರ್ತೀನಿ."

ಬಸ್ಸು ಅರ್ಧ ಖಾಲಿ ಇತ್ತು. ನಾನು ಕಂಬಿ ಹಿಡಿದು ನಿಂತಿದ್ದೆ. ಬೈಕಿನ ಮುಂದಿನ ಸೀಟಿನ ಚಿಂತೆಯಲ್ಲಿ, ನಾನು ಕೂತಿದ್ದ ಹಿಂದಿನ ಸೀಟನ್ನು ನಾನು ಮುಟ್ಟಿಯೇ ಇರಲಿಲ್ಲ. ಅದು ಹಲಗೆಯ ಹಾಗಿತ್ತು. ಕಂಡಕ್ಟರ್ ಬಂದು, "ಯಾಕಪ್ಪ, ಸೀಟು ಐತಲ್ಲ, ಕೂತ್ಕೋ," ಎಂದರು.

"ಆಗಲ್ಲ ರೀ, ಕುಂಡಿ ನೋವು," ಎಂದೆ.

ನಾಲ್ಕಾರು ಜನ ತಿರುಗಿ ನೋಡಿ ನಕ್ಕರು. ಕಿಟಕಿಯ ಪಕ್ಕದ ಒಬ್ಬ ಅಜ್ಜಿ ಮಾತ್ರ ನಗಲಿಲ್ಲ. ಮಡಿಲಿನ ಗಂಟನ್ನು ಸರಿಸಿಕೊಂಡು, "ನಂಗೂ ಹಂಗೇ ಮಗಾ. ಈ ಬಸ್ಸಿನಾಗೆ ಕೂತ್ರೆ ಎದ್ದೇಳಾಕಾಗಲ್ಲ," ಎಂದರು. "ಯಾರಿಗೆ ಹೇಳಾಣ?"

"ಎಲ್ಲಿ ನೋವು ಅಜ್ಜಿ?" ಎಂದು ಕೇಳಿದೆ. "ಎಡಗಡೆನಾ, ಬಲಗಡೆನಾ?"

ಅಜ್ಜಿ ಹೇಳತೊಡಗಿದರು. ದಾವಣಗೆರೆ ಬಂದರೂ ಮುಗಿದಿರಲಿಲ್ಲ.